ಪಕ್ಕೀರಮ್ಮ ಕೇಳಿದ ಆಯ

ಖೋಖೋ ಅಂಕಣಕ್ಕೆ ಗೆರೆ ಹಾಕುವುದು ರಂಗೋಲಿ ಹಾಕಿದಂತಲ್ಲ ಎನ್ನುತ್ತಾಳೆ ಪಕ್ಕೀರಮ್ಮ. ರಂಗೋಲಿ ತಪ್ಪಿದರೆ ಇನ್ನೊಂದು ಎಸಳು ಸೇರಿಸಿ ಹೂವು ಮಾಡಿಬಿಡಬಹುದು. ಗೆರೆ ತಪ್ಪಿದರೆ ಒಬ್ಬ ಹುಡುಗಿಯ ಆಟ ಹೋಗುತ್ತದೆ. ಅದಕ್ಕೇ ಅವಳು ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಬಗ್ಗಿಸಿದ ಬೆನ್ನು ಎತ್ತದೆ ಈ ಕಂಬದಿಂದ ಆ ಕಂಬದವರೆಗೆ ನಡೆಯುತ್ತಾಳೆ. ಬೆಳಿಗ್ಗೆ ಆರೂವರೆಗೆ ಹುಡುಗಿಯರು ಬರುವಷ್ಟರಲ್ಲಿ ಎಂಟೂ ಅಡ್ಡಗೆರೆಗಳು ಬಿದ್ದಿರುತ್ತವೆ.

ಕೊಟ್ಟೂರಿನ ಒಂದು ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಅವಳದು ಹದಿನೇಳು ವರ್ಷದ ಕೆಲಸ. ಇನ್ನೂ ಕಾಯಂ ಆಗಿಲ್ಲ. ಕೆಲಸಕ್ಕೆ ಸೇರಿದಾಗ ಕೊಟ್ಟ ಆರ್ಡರಿನಲ್ಲಿ ಎರಡೇ ಸಾಲು ಇವೆ: ಮೈದಾನವನ್ನು ಸ್ವಚ್ಛವಾಗಿಡುವುದು, ಆಟದ ಸಾಮಾನು ಕಾಯುವುದು. ಆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಅದರಲ್ಲಿ ಬರೆಯದ ಕೆಲಸಗಳು ವರ್ಷ ವರ್ಷಕ್ಕೆ ಹೆಚ್ಚುತ್ತಾ ಹೋಗಿವೆ. ಹುಡುಗಿಯರ ಮೊಣಕಾಲಿನ ಗಾಯಕ್ಕೆ ಅರಿಸಿನ ಹಚ್ಚುವುದು, ತಿಂಗಳ ನೋವು ಬಂದವಳನ್ನು ಸಾಮಾನಿನ ಕೋಣೆಯ ಚಾಪೆಯ ಮೇಲೆ ಮಲಗಿಸುವುದು, ಮಗಳನ್ನು ಆಟಕ್ಕೆ ಕಳಿಸುವುದಿಲ್ಲ ಎಂದ ಮನೆಗಳಿಗೆ ಹೋಗಿ ಕುಳಿತು ಒಂದು ಕಪ್ ಚಹಾ ಕುಡಿದು ಒಪ್ಪಿಸಿ ಬರುವುದು. ಖೋಖೋ ಕಲಿಸುವುದು ಕೂಡ ಹಾಗೇ ಬಂದು ಸೇರಿಕೊಂಡದ್ದು. ತಂಬ್ರಹಳ್ಳಿಯ ಶಾಲೆಯಲ್ಲಿ ಓದುವಾಗ ಅವಳು ಜಿಲ್ಲಾ ಮಟ್ಟದವರೆಗೆ ಆಡಿದ್ದಳು. ಹದಿನೇಳಕ್ಕೆ ಮದುವೆಯಾಯಿತು, ಆಟ ನಿಂತಿತು. ಈಗ ನಲವತ್ತಾರು. ಸೀರೆ ಎತ್ತಿ ಕಟ್ಟಿ, ಕಂಬಕ್ಕೆ ಕೈ ಹಾಕಿ ಅವಳು ಒಂದು ಸುತ್ತು ತಿರುಗಿ ತೋರಿಸಿದರೆ ಹುಡುಗಿಯರು ಈಗಲೂ ಶಿಳ್ಳೆ ಹೊಡೆಯುತ್ತಾರೆ.

ಮೈದಾನಕ್ಕೆ ಬರುವ ಮುಂಚೆ ಮನೆಯಲ್ಲಿ ಒಂದು ಪಾಳಿ ಮುಗಿದಿರುತ್ತದೆ. ನಲ್ಲಿ ನೀರು ಹಿಡಿದು, ರೊಟ್ಟಿ ಬಡಿದು, ಗಂಡ ಕೊಟ್ರಪ್ಪನ ಬುತ್ತಿ ಕಟ್ಟಿ, ಅವನಿಗೆ ಎದ್ದ ಕೂಡಲೇ ಸಿಗುವಂತೆ ಚಹಾ ಫ್ಲಾಸ್ಕಿಗೆ ಹಾಕಿ ಬರುತ್ತಾಳೆ. ಕೊಟ್ರಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾನೆ. ಒಳ್ಳೆಯ ಮನುಷ್ಯ. ಆದರೆ ಆ ಒಳ್ಳೆಯತನಕ್ಕೆ ಅಡುಗೆಮನೆಯ ದಾರಿ ಗೊತ್ತಿಲ್ಲ. ದಿನವಿಡೀ ಭಟ್ಟಿಯ ಉರಿಯ ಮುಂದೆ ನಿಂತು ಚೀಲಗಟ್ಟಲೆ ಮಂಡಕ್ಕಿ ಹುರಿಯುವವನಿಗೆ ಮನೆಯ ಒಲೆ ಹಚ್ಚಲು ಬರುವುದಿಲ್ಲ ಎಂಬುದು ಅವಳಿಗೆ ಇಪ್ಪತ್ತೊಂಬತ್ತು ವರ್ಷದಿಂದ ಬಿಡಿಸಲಾಗದ ಒಗಟು.

ಎರಡು ವರ್ಷದ ಹಿಂದೆ ಕಾಲೇಜಿನ ಆಡಳಿತ ಮಂಡಳಿ ಕಬಡ್ಡಿ ಲೀಗ್ ಶುರು ಮಾಡಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಾಲೇಜು ತಂಡಗಳು ಭಾನುವಾರ ಭಾನುವಾರ ಇಲ್ಲಿಗೆ ಬಂದು ಆಡುತ್ತವೆ. ನೀಲಿ ಮ್ಯಾಟ್ ಬಂತು. ಗ್ಯಾಲರಿ ಕಟ್ಟಿ ಐವತ್ತು ರೂಪಾಯಿಯ ಟಿಕೆಟ್ ಇಟ್ಟರು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಅಂಗಡಿಯವರ ಬ್ಯಾನರುಗಳು ಬೇಲಿಯುದ್ದಕ್ಕೂ ಬಂದವು. ಜನ ನಿಜವಾಗಿಯೂ ಮುಗಿಬಿದ್ದು ನೋಡಿದರು. ಪಕ್ಕೀರಮ್ಮನೂ ನೋಡಿದಳು. ಕಬಡ್ಡಿಯ ಮೇಲೆ ಅವಳಿಗೆ ಸಿಟ್ಟಿಲ್ಲ, ಅದು ಮೈಯುಳ್ಳವರ ಆಟ, ಚಂದದ ಆಟ. ಆದರೆ ಚಂದದ ಆಟಕ್ಕೆ ಬೇಕಾದ ಚಂದವನ್ನೆಲ್ಲ ಯಾರು ಒದಗಿಸುತ್ತಾರೆ ಎಂಬುದನ್ನೂ ಅವಳು ನೋಡಿದಳು.

ಪ್ರತಿ ಭಾನುವಾರ ಬಾಗಿಲಿನಲ್ಲಿ ರಂಗೋಲಿ ಹಾಕುವವರು ಖೋಖೋ ಹುಡುಗಿಯರು. ಅತಿಥಿಗಳಿಗೆ ಆರತಿ ತಟ್ಟೆ ಹಿಡಿಯುವವರು ಅವರೇ, ರೇಷ್ಮೆ ಸೀರೆ ಉಟ್ಟು ಬರಬೇಕು, ಸೀರೆ ಅವರವರ ಅಮ್ಮನದು. ಬೇರೆ ಊರಿನ ತಂಡಗಳಿಗೆ ಪಲಾವು, ಬದನೆಕಾಯಿ ಪಲ್ಯ ಬಡಿಸುವವರೂ ಅವರೇ. ಕೊನೆಗೆ ಬಹುಮಾನದ ಹೊತ್ತಿನಲ್ಲಿ ಟ್ರೋಫಿ ಹೊತ್ತು ವೇದಿಕೆ ಹತ್ತಿ, ಕೊಡುವವರ ಕೈಗೆ ಕೊಟ್ಟು, ಫೋಟೋಕ್ಕೆ ಅಡ್ಡ ಬಾರದಂತೆ ಹಿಂದೆ ಸರಿಯುವವರೂ ಅವರೇ. ಸೋಮವಾರ ಬೆಳಿಗ್ಗೆ ಕಬಡ್ಡಿ ತಂಡದ ಇಪ್ಪತ್ನಾಲ್ಕು ಜರ್ಸಿ, ಇಪ್ಪತ್ನಾಲ್ಕು ಚಡ್ಡಿಯ ಗಂಟು ಪಕ್ಕೀರಮ್ಮನ ಮನೆಗೆ ಹೋಗುತ್ತದೆ. ಸೋಪು ಅವಳದು. ನೀರು ಅವಳದು. ಒಣ ಹಾಕುವ ಹಗ್ಗವೂ ಅವಳದೇ.

ಈ ವರ್ಷ ಮಂಡಳಿ ಹೊಸ ನಿಯಮ ತಂದಿತು. ಲೀಗಿನಿಂದ ಬಂದ ದುಡ್ಡಿನಲ್ಲಿ ಅರ್ಧ ಕಬಡ್ಡಿ ಆಟಗಾರರಿಗೆ ನೇರವಾಗಿ ಕೊಡುವುದು, ಉಳಿದದ್ದು ಗ್ಯಾಲರಿಗೆ, ದೀಪಕ್ಕೆ, ಮುಂದಿನ ಲೀಗಿಗೆ. ಆಡುವ ಹುಡುಗರಿಗೆ ಪಾಲು ಸಿಗುವುದು ನ್ಯಾಯವೇ. ಆದರೆ ಅದರ ಬೆನ್ನಿಗೆ ಇನ್ನೊಂದು ಸಾಲಿತ್ತು. ಮಕ್ಕಳು ಪ್ರವೇಶದ ಹೊತ್ತಿನಲ್ಲಿ ಕಟ್ಟುವ ಕ್ರೀಡಾ ಶುಲ್ಕ ಇಷ್ಟು ದಿನ ಎಲ್ಲ ಆಟಗಳಿಗೂ ಹಂಚಿಹೋಗುತ್ತಿತ್ತು. ಅದನ್ನೂ ಇನ್ನು ‘ಆದಾಯ ತರುವ ಆಟ’ಕ್ಕೇ ಮೀಸಲಿಡುವುದು, ಆದಾಯ ತರದ ಆಟಗಳ ತಂಡಗಳನ್ನು ಹೊರಗಿನ ಪಂದ್ಯಗಳಿಗೆ ಕಳಿಸುವುದನ್ನು ನಿಲ್ಲಿಸುವುದು.

ಆ ನೋಟಿಸಿನ ಫೋಟೋ ತೆಗೆದುಕೊಂಡು ಸೋಮವಾರ ಮಧ್ಯಾಹ್ನ ಪಕ್ಕೀರಮ್ಮನ ಮನೆಗೆ ಓಡಿ ಬಂದವಳು ಸಿಮ್ರಾನ, ಖೋಖೋ ತಂಡದ ನಾಯಕಿ. ಬಿ.ಎ. ಕೊನೆಯ ವರ್ಷ. ಬಸ್ ನಿಲ್ದಾಣದ ಹಿಂದೆ ಬೈಕ್ ರಿಪೇರಿ ಮಾಡುವ ರಹಿಮಾನನ ಮಗಳು. ಪಕ್ಕೀರಮ್ಮ ಹಿತ್ತಲಿನಲ್ಲಿ ಕಲ್ಲಿನ ಮುಂದೆ ನಿಂತು ಆಗಷ್ಟೇ ಜರ್ಸಿಯ ಗಂಟು ಬಿಚ್ಚುತ್ತಿದ್ದಳು.

“ಅಕ್ಕಾ, ಬಳ್ಳಾರಿಗೆ ನಮ್ಮನ್ನ ಕಳಸಂಗಿಲ್ಲಂತ!”

“ಯಾರಂದ್ರು?”

“ನೋಟಿಸ್ ಹಚ್ಯಾರ. ಯೂನಿವರ್ಸಿಟಿ ಪಂದ್ಯಕ್ಕ ಹೆಸರು ಕೊಡಾಕ ಶುಕ್ರವಾರ ಸಂಜಿ ಐದು ಗಂಟಿ ಕಡೀ. ಪಿ.ಡಿ. ಸರ್‌ನ ಕೇಳಿದ್ರ, ಎರಡು ವರ್ಷ ಹೋಗಲಿಲ್ಲ ಅಂದ್ರ ತಂಡಾನ ರಿಜಿಸ್ಟರ್‌ನಿಂದ ತೆಗದ್ ಹಾಕ್ತಾರಂತ. ಹ್ವಾದ ವರ್ಷ ಹೆಂಗೂ ಹೋಗಿಲ್ಲ, ನಿಮಗ ಗೊತ್ತೈತಿ.”

ಹೋದ ವರ್ಷ ಹೋಗದಿದ್ದದ್ದು ಯಾಕೆ ಎಂಬುದೂ ಪಕ್ಕೀರಮ್ಮನಿಗೆ ಗೊತ್ತಿತ್ತು. ಅದೇ ಭಾನುವಾರ ಲೀಗಿನ ಫೈನಲ್ ಇತ್ತು, ಆರತಿ ಹಿಡಿಯುವವರು ಬೇಕಾಗಿದ್ದರು.

“ನಾ ಈ ವರ್ಷ ಮುಗಿಸಿ ಹೋಗಾಕಿ ಅಕ್ಕಾ,” ಎಂದಳು ಸಿಮ್ರಾನ. “ನಂದು ಬಿಡ್ರಿ. ಫಸ್ಟ್ ಇಯರ್‌ನಾಗ ಆರು ಹುಡುಗೇರು ಅದಾವ. ತಂಡಾನ ಇಲ್ಲ ಅಂದ್ರ ಅವುಕ್ಕ ಮನ್ಯಾಗ ಏನಂತ ಹೇಳಿ ಹೊರಗ ಬರೂದು?”

ಪಕ್ಕೀರಮ್ಮ ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿ, ಕಲ್ಲಿನ ಮೇಲಿಂದ ತೆಗೆದು, ಮೂಲೆಗಿಟ್ಟಳು. ಗುರುವಾರದವರೆಗೆ ಆ ಬಟ್ಟೆಗೆ ನೀರು ಮುಟ್ಟಲಿಲ್ಲ.

ಮರುದಿನ ಪಿ.ಡಿ. ಸೋಮಶೇಖರ್ ಸರ್ ಅವಳಿಗೆ ಫೋನ್ ಮಾಡಿದರು. ಪಿ.ಡಿ. ಎಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಕೆಟ್ಟವರಲ್ಲ, ಯಾರ ಮಾತಿಗೂ ಎದುರಾಡದ ಮನುಷ್ಯ. ಪಕ್ಕೀರಮ್ಮ ಆಗ ಕೊಟ್ರಪ್ಪನ ಬುತ್ತಿ ಕೊಡಲು ಭಟ್ಟಿಗೆ ಹೋಗಿದ್ದಳು. ಬಿಸಿ ಮರಳಿನಲ್ಲಿ ಅಕ್ಕಿ ಚಟಪಟ ಅರಳುವ ಸದ್ದಿನಲ್ಲಿ ಅರ್ಧ ಮಾತು ಕೇಳಿಸಿತು, ಅರ್ಧ ಕೇಳಿಸಲಿಲ್ಲ.

“ಗುರುವಾರ ಹನ್ನೊಂದಕ್ಕ ಆ...ಯ ಹಂಚಿಕಿ ಮೀಟಿಂಗ್ ಐತಿ. ಕುರ್ಚಿ ಹಾಕ್ಸು, ಚಾ ತರಿಸು.”

“ಏನು ಹಂಚಿಕೀರಿ?”

ಸರ್ ಇನ್ನೊಮ್ಮೆ ಹೇಳಿದರು. ಭಟ್ಟಿ ಇನ್ನೊಮ್ಮೆ ಅರಳಿತು. ಪಕ್ಕೀರಮ್ಮನಿಗೆ ಕೇಳಿಸಿದ್ದು ‘ಆಯ ಹಂಚಿಕಿ.’

ಬುಧವಾರ ಬೆಳಿಗ್ಗೆ ಅಭ್ಯಾಸ ಮುಗಿದ ಮೇಲೆ ಹನ್ನೆರಡು ಹುಡುಗಿಯರನ್ನೂ ಕೂರಿಸಿಕೊಂಡು ಅವಳು ಸುದ್ದಿ ಹೇಳಿದಳು. “ನಾಳಿ ಆಯ ಹಂಚ್ತಾರಂತ. ಎಲ್ಲಾರೂ ಬರ್ರಿ.”

“ನಮ್ಮನ್ನ ಕರದಿಲ್ಲಲ್ಲಕ್ಕಾ?” ಎಂದಳು ಸಿಮ್ರಾನ.

“ಆಯಕ್ಕ ಕರಿಯೂ ಪದ್ಧತಿ ಇಲ್ಲಲೇ. ನಾವ ಹೋಗಿ ನಿಂದರಬೇಕು.”

“ಆಯ ಅಂದ್ರೇನು?”

ಪಕ್ಕೀರಮ್ಮ ನಕ್ಕಳು. ಈ ಹುಡುಗಿಯರು ಹುಟ್ಟುವ ಹೊತ್ತಿಗೆ ಕಣಗಳೇ ಇರಲಿಲ್ಲ, ಮೆಕ್ಕೆಜೋಳ ಹೊಲದಿಂದ ನೇರ ಮಷೀನಿಗೆ, ಮಷೀನಿನಿಂದ ಹರಪನಹಳ್ಳಿ ಮಾರುಕಟ್ಟೆಗೆ ಹೋಗತೊಡಗಿತ್ತು. ಅವಳು ತಂಬ್ರಹಳ್ಳಿಯ ಮಡಿವಾಳರ ಮನೆಯ ಮಗಳು. ಅವಳು ಚಿಕ್ಕವಳಿದ್ದಾಗ ಊರಿನಲ್ಲಿ ಯಾರೂ ಬಟ್ಟೆ ಒಗೆದದ್ದಕ್ಕೆ ದುಡ್ಡು ಕೊಡುತ್ತಿರಲಿಲ್ಲ. ವರ್ಷವಿಡೀ ಒಗೆಯುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗುವುದು. ಜೋಳದ ರಾಶಿ ಮಾಡಿದ ಮೇಲೆ ಅದನ್ನು ಮನೆಗೆ ಹೊರುವ ಮುಂಚೆ ಒಕ್ಕಲಿಗ ಒಂದಿಷ್ಟು ಕಾಳು ಬೇರೆ ತೆಗೆಯಬೇಕು. ಬಡಿಗನಿಗೆ, ಕಮ್ಮಾರನಿಗೆ, ಮಡಿವಾಳನಿಗೆ, ಪೂಜೆ ಮಾಡುವ ಅಯ್ಯನವರಿಗೆ. ಅದು ಆಯ. ಭಿಕ್ಷೆಯಲ್ಲ, ಬಹುಮಾನವೂ ಅಲ್ಲ.

“ಅವರ್ಯಾರೂ ಹೊಲದಾಗ ದುಡದೋರಲ್ಲ,” ಎಂದಳು ಪಕ್ಕೀರಮ್ಮ. “ಆದ್ರ ಅವರಿಲ್ದ ಬೆಳಿ ಬರಂಗಿಲ್ಲ. ಬಡಿಗ ಕೂರಿಗಿ ಮಾಡಿಕೊಡದಿದ್ರ ಬಿತ್ತೂದು ಹೆಂಗ? ಅದಕ್ಕ ಮೊದ್ಲ ಆಯ ತೆಗದು, ಆಮ್ಯಾಲೆ ಉಳದಿದ್ದು ಮನಿಗೆ.”

“ಹಂಗಾರ ನಮ್ದೂ ಆಯ ಐತಿ ಅಕ್ಕಾ,” ಎಂದಳು ಸಿಮ್ರಾನ.

ಗುರುವಾರ ಹನ್ನೊಂದಕ್ಕೆ ಮಂಡಳಿಯ ಐದು ಜನ ಸಭಾ ಕೋಣೆಯಲ್ಲಿ ಕುಳಿತಿದ್ದರು. ಮೇಜಿನ ತಲೆಯ ಕಡೆ ಕಾರ್ಯದರ್ಶಿ ವೀರಭದ್ರಯ್ಯನವರು, ಕೊಟ್ಟೂರಿನಲ್ಲಿ ಬೀಜ ಗೊಬ್ಬರದ ದೊಡ್ಡ ಅಂಗಡಿ ಇಟ್ಟವರು. ಪಕ್ಕದಲ್ಲಿ ಫೈಲು ಹಿಡಿದು ಸೋಮಶೇಖರ್ ಸರ್. ಪಕ್ಕೀರಮ್ಮ ಚಹಾದ ತಟ್ಟೆಯೊಂದಿಗೆ ಬಂದಳು. ಎಲ್ಲರಿಗೂ ಕೊಟ್ಟಳು. ಹೊರಗೆ ಹೋಗಿ ಬಟ್ಟೆಯ ಗಂಟು ಹೊತ್ತುಕೊಂಡು ಮತ್ತೆ ಒಳಗೆ ಬಂದಳು. ಅವಳ ಹಿಂದೆ ಹನ್ನೆರಡು ಹುಡುಗಿಯರು ಬಂದು ಗೋಡೆಗುಂಟ ಸಾಲಾಗಿ ನಿಂತರು.

“ಏನವ್ವಾ ಇದು?” ಎಂದರು ವೀರಭದ್ರಯ್ಯನವರು.

“ಆಯಕ್ಕ ಬಂದೀವ್ರಿ.”

“ಏನು?”

“ಆಯ ಹಂಚಿಕಿ ಐತಿ ಅಂದ್ರು ಸರ್ರು. ಬಂದೀವಿ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಸೋಮಶೇಖರ್ ಸರ್‌ಗೆ. ಅವರು ಹಣೆ ಮುಟ್ಟಿಕೊಂಡು, “ಆದಾಯ, ಪಕ್ಕೀರಮ್ಮಾ. ಆ-ದಾ-ಯ,” ಎಂದರು. ಕೋಣೆಯೇ ಘೊಳ್ಳೆಂದು ನಕ್ಕಿತು. ಬ್ಯಾನರ್ ಕಾಂಟ್ರಾಕ್ಟ್ ಹಿಡಿದಿದ್ದ ಸದಸ್ಯರೊಬ್ಬರು ಚಹಾ ಚೆಲ್ಲಿಕೊಂಡು ಕೇಳಿದರು, “ಆಯ ಕೊಡಾಕ ಇದೇನು ಜ್ವಾಳದ ಕಣ ಏನವ್ವಾ?”

ಪಕ್ಕೀರಮ್ಮನಿಗೆ ಬಾಗಿಲು ಎರಡೇ ಹೆಜ್ಜೆ ದೂರವಿತ್ತು. ಗೋಡೆಗುಂಟ ನಿಂತ ಹುಡುಗಿಯರಲ್ಲಿ ಒಬ್ಬಳು ತಲೆ ತಗ್ಗಿಸಿದ್ದನ್ನು ಅವಳು ನೋಡಿದಳು. ಅದನ್ನು ನೋಡಿದ ಮೇಲೆ ಹೊರಗೆ ಹೋಗುವ ಮನಸ್ಸು ಬರಲಿಲ್ಲ.

“ಮತ್ತೇನ್ರೀ?” ಎಂದಳು. “ದಿನಾ ಕಸ ಹೊಡೀತೀನಿ, ನೀರು ಹೊಡೀತೀನಿ, ಗೆರಿ ಹಾಕ್ತೀನಿ. ಜನ ಕೂಡ್ತಾರ, ಗಂಡಸ್ರು ಕುಣೀತಾರ, ರಾಶಿ ಆಕೈತಿ. ಕಣ ಅನ್ನಾಕ ಇನ್ನೇನು ಬೇಕು?”

ಈ ಸಲ ನಕ್ಕವರು ಹುಡುಗಿಯರು.

ವೀರಭದ್ರಯ್ಯನವರು ಕನ್ನಡಕ ತೆಗೆದು ಅವಳನ್ನು ಸರಿಯಾಗಿ ನೋಡಿದರು. ಎಷ್ಟೋ ವರ್ಷ ಅವಳ ಕೈಯಿಂದ ಚಹಾ ತೆಗೆದುಕೊಂಡಿದ್ದರೂ ಮುಖ ನೋಡಿದ್ದು ಅದೇ ಮೊದಲಿರಬೇಕು. “ಯಾವೂರು ನಿಂದು?”

“ತಂಬ್ರಹಳ್ಳಿ ರೀ. ಮಡಿವಾಳರ ದುರುಗಪ್ಪನ ಮಗಳು.”

“ದುರುಗಪ್ಪ... ಜೋಗಮ್ಮನ ಗಂಡ ದುರುಗಪ್ಪನಾ?”

“ಹೂಂ ರೀ. ನಿಮ್ಮನಿ ಬಟ್ಟಿ ನಮ್ಮವ್ವನ ಒಗೀತಿದ್ಲು. ನೀವು ಸಣ್ಣೋರಿದ್ದಾಗಿನ ಅಂಗಿ ಸೈತ.”

ವೀರಭದ್ರಯ್ಯನವರೂ ತಂಬ್ರಹಳ್ಳಿಯವರೇ, ಅಲ್ಲಿಯ ಮಠದ ಮನೆತನದವರು. ಅವರ ತಂದೆ ಬಿಳಿ ರುಮಾಲು ಸುತ್ತಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗುತ್ತಿದ್ದುದು ಪಕ್ಕೀರಮ್ಮನಿಗೆ ಚೆನ್ನಾಗಿ ನೆನಪಿತ್ತು. ಅವಳು ಹೇಳಿಯೇ ಬಿಟ್ಟಳು.

“ನಿಮ್ಮ ಅಪ್ಪಾರೂ ಆಯಕ್ಕ ಬರ್ತಿದ್ರಲ್ರೀ. ಅಯ್ಯಾರ ಆಯ ಎಲ್ಲಾರಗಿಂತ ಮೊದ್ಲು. ಅವ್ರು ಬಿತ್ತಿದೋರಲ್ಲ, ಕೊಯ್ದೋರಲ್ಲ, ತೂರಿದೋರಲ್ಲ. ಆದ್ರೂ ಅವ್ರಿಗೆ ಕೊಡದ ಯಾರೂ ರಾಶಿ ಎತ್ತತಿದ್ದಿಲ್ಲ.”

ಸೋಮಶೇಖರ್ ಸರ್ ಫೈಲಿನೊಳಗೆ ಮುಖ ಹುದುಗಿಸಿಕೊಂಡರು. ಬ್ಯಾನರಿನ ಸದಸ್ಯರು ಕಿಟಕಿಯ ಕಡೆ ತಿರುಗಿದರು. ವೀರಭದ್ರಯ್ಯನವರಿಗೆ ಸಿಟ್ಟು ಬರಲಿಲ್ಲ. ವ್ಯಾಪಾರಸ್ಥರು, ಮಾತಿಗೆ ಮಾತು ಕೊಟ್ಟು ರೂಢಿ.

“ನಮ್ಮಪ್ಪ ಪೂಜಿ ಮಾಡ್ತಿದ್ದ, ಪಕ್ಕೀರಮ್ಮಾ. ಪುಕ್ಕಟೆ ತಗೊಂತಿದ್ದಿಲ್ಲ.”

“ಇವ್ರು ಆರತಿ ಹಿಡದಾರ್ರೀ. ಹ್ವಾದ ಐತ್ವಾರ ಅತಿಥಿಗಳು ಬರೂದು ತಡ ಆತಂತ ಬಿಸಲಾಗ ಒಂದು ತಾಸು.”

“ಆತು. ಹಂಗಾರ ಇನ್ನೊಂದು ಕೇಳ್ತೀನಿ. ಕಣದಾಗ ಆಯ ಕೊಡ್ತಿದ್ದುದು ಕಸುಬುದಾರರಿಗೆ. ಗಂಡಸರ ಹೆಸರಿಗೆ. ಹೆಣ್ಮಕ್ಕಳಿಗೆ ಅಂತ ಆಯ ಎಲ್ಲಿತ್ತು?”

ಕೇಳಿದ ಪ್ರಶ್ನೆ ಸರಿಯಾಗಿತ್ತು. ಒಗೆಯುತ್ತಿದ್ದವಳು ಜೋಗಮ್ಮ. ಉಬ್ಬೆಯಲ್ಲಿ ಬಟ್ಟೆ ಬೇಯಿಸಿ, ಹಳ್ಳದ ಬಂಡೆಗೆ ಬಡಿದು, ಕೈಯ ಚರ್ಮ ಸುಲಿದುಕೊಂಡವಳು ಅವಳು. ಸುಗ್ಗಿಗೆ ಮುಂಚೆ ಗೌಡರ ಕಣಕ್ಕೆ ಹೋಗಿ ಸಗಣಿಯಿಂದ ಸಾರಿಸಿ ಬರುತ್ತಿದ್ದವಳೂ ಅವಳೇ. ಆಯದ ಹೊತ್ತಿನಲ್ಲಿ ಕೂಗುತ್ತಿದ್ದದ್ದು ಮಾತ್ರ ‘ಮಡಿವಾಳರ ದುರುಗಪ್ಪ’ ಎಂದು. ದುರುಗಪ್ಪ ಬಟ್ಟೆ ಹಾಸುತ್ತಿದ್ದ, ಕಾಳು ಬೀಳುತ್ತಿತ್ತು. ಜೋಗಮ್ಮ ಆ ಕಾಳನ್ನು ತಲೆಯ ಮೇಲೆ ಹೊತ್ತು ಮನೆಗೆ ತರುತ್ತಿದ್ದಳು, ಬೀಸುತ್ತಿದ್ದಳು, ರೊಟ್ಟಿ ಮಾಡುತ್ತಿದ್ದಳು.

“ಹೌದ್ರಿ,” ಎಂದಳು ಪಕ್ಕೀರಮ್ಮ. “ನಮ್ಮವ್ವಗ ಯಾರೂ ಕೊಟ್ಟಿಲ್ಲ. ಆಕಿ ಕೇಳಿನೂ ಇಲ್ಲ. ಅದಕ್ಕ ನಾ ಬಂದೀನಿ.”

ಅಷ್ಟರಲ್ಲಿ ಸಿಮ್ರಾನ ಒಂದು ಹೆಜ್ಜೆ ಮುಂದೆ ಬಂದು, ಹಿಂದಿನ ದಿನ ಕಚೇರಿಯಲ್ಲಿ ನೋಡಿ ತಿಳಿದುಕೊಂಡಿದ್ದನ್ನು ಹೇಳಿದಳು. “ಸರ್, ಆ ಮ್ಯಾಟ್ ತಂದಿದ್ದು ಲೀಗ್ ರೊಕ್ಕದಾಗಲ್ಲ. ಆಗಿನ್ನ ಲೀಗ್ ಶುರುನ ಆಗಿದ್ದಿಲ್ಲ. ಎಲ್ಲಾ ಹುಡುಗ್ರು ಹುಡುಗೇರು ಕಟ್ಟಿದ ಫೀಸಿನಾಗ ತಂದೀರಿ. ನೀವು ಬೀಜ ಮಾರೋರು ಅದೀರಿ. ಬೀಜ ಕೊಟ್ಟೋರಿಗೆ ಬೆಳಿಯಾಗ ಏನೂ ಇಲ್ಲ ಅಂದ್ರ ನಿಮ್ಮ ಅಂಗಡಿ ಹೆಂಗ ನಡೀತೈತಿ?”

“ಯಾರ ಮಗಳು ಇಕಿ?” ವೀರಭದ್ರಯ್ಯನವರು ಸೋಮಶೇಖರ್ ಸರ್ ಕಡೆ ತಿರುಗಿದರು.

“ಮೆಕ್ಯಾನಿಕ್ ರಹಿಮಾನ್ ಮಗಳು ಸರ್.”

“ಅವನೂ ಹಿಂಗ. ಪಂಕ್ಚರ್ ಹಾಕಾಕ ಕೊಟ್ರ ಇಂಜಿನ್ ಬಿಚ್ಚಿ ತೋರಸ್ತಾನ.” ಈಗ ಎಲ್ಲರೂ ನಕ್ಕರು, ಸಿಮ್ರಾನಳೂ ನಕ್ಕಳು. ನಗುವಿನ ಸಂದಿನಲ್ಲಿ ವೀರಭದ್ರಯ್ಯನವರು ಮಾತು ಮುಗಿಸಲು ನೋಡಿದರು. “ನೀವು ಹೇಳೂದು ತಿಳೀತು. ಫೈನಲ್ ಮುಗೀಲಿ, ಒಟ್ಟು ಎಷ್ಟು ಬಂತು ನೋಡಿ, ಆಮ್ಯಾಲೆ ಏನರ ಮಾಡೂಣು.”

“ಹೆಸರು ಕೊಡಾಕ ನಾಳೆ ಕಡೀ ದಿನ ರೀ,” ಎಂದಳು ಪಕ್ಕೀರಮ್ಮ. “ರಾಶಿ ಮನಿಗೆ ಹ್ವಾದ ಮ್ಯಾಲೆ ಆಯ ಕೇಳಾಕ ಹ್ವಾದ್ರ ಕೊಡೂದು ಹೊಟ್ಟು.”

ಹಾಗೆಂದು ಗಂಟನ್ನು ಎತ್ತಿ ಮೇಜಿನ ನಡುವೆ ಇಟ್ಟು ಬಿಚ್ಚಿದಳು. ನಾಲ್ಕು ದಿನ ಮುಚ್ಚಿಟ್ಟ ಬೆವರು ಒಮ್ಮೆಲೇ ಕೋಣೆ ತುಂಬಿತು. ಬ್ಯಾನರಿನ ಸದಸ್ಯರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದೇ ನಿಂತರು.

“ಅಯ್ಯಯ್ಯೋ! ಏನವ್ವಾ ಇದು, ತೆಗಿ, ತೆಗಿ!”

“ಕಬಡ್ಡಿ ತಂಡದ ಬಟ್ಟಿ ರೀ. ಐತ್ವಾರ ಸೆಮಿಫೈನಲ್ ಐತಿ. ನನ್ನ ಆರ್ಡರ್‌ನಾಗ ಎರಡು ಕೆಲಸ ಬರದೀರಿ, ಮೈದಾನ ಸ್ವಚ್ಛ, ಸಾಮಾನು ಕಾಯೂದು. ಅವೆರಡೂ ಬಿಡಂಗಿಲ್ಲ, ಇವತ್ತೂ ಮಾಡೀನಿ, ನಾಳೀನೂ ಮಾಡ್ತೀನಿ. ಇದು ಅದರಾಗಿಲ್ಲ. ಈ ಹುಡುಗೇರ ಪುಸ್ತಕದಾಗೂ ರಂಗೋಲಿ, ಆರತಿ, ಪಲಾವು ಇಲ್ಲ.”

ಅವಳ ದನಿ ಏರಿರಲಿಲ್ಲ. ಮೈದಾನದಲ್ಲಿ ‘ನಿನ್ನ ಕಾಲು ಗೆರಿ ಮ್ಯಾಲೈತಿ’ ಎಂದು ಹೇಳುವಾಗಿನ ದನಿಯೇ ಅದು.

ಆಗ ಯಾರೂ ಎಣಿಸದ ಕಡೆಯಿಂದ ಮಾತು ಬಂತು. ಸೋಮಶೇಖರ್ ಸರ್ ಕೆಮ್ಮಿದರು. “ಸರ್, ಹೊರಗಿಂದ ಜನ ಕರಸಿದ್ರ ಎಷ್ಟಾಕೈತಿ ಅಂತ ನಾ ಲೆಕ್ಕ ಹಾಕೀನಿ. ಬಟ್ಟಿ ಒಗಸೂದು, ಬಡಸೋರು, ಸ್ವಾಗತದೋರು, ಎರಡು ಐತ್ವಾರಕ್ಕ ಹದಿನಾರು ಸಾವಿರ. ಖೋಖೋ ತಂಡಕ್ಕ ಬೇಕಾಗಿದ್ದು ಹನ್ನೊಂದು. ಪ್ರವೇಶ ಶುಲ್ಕ, ಊಟ, ವಸತಿ. ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ.” ಫೈಲಿನಿಂದ ಹಾಳೆ ತೆಗೆದು ಮುಂದಿಟ್ಟರು. ಆ ಹಾಳೆ ಮೊದಲೇ ಬರೆದು ಸಿದ್ಧವಾಗಿತ್ತು, ಕೇಳುವವರಿಗಾಗಿ ಕಾದಿತ್ತು ಅಷ್ಟೆ.

ವೀರಭದ್ರಯ್ಯನವರು ಹಾಳೆ ನೋಡಿದರು, ಗಂಟು ನೋಡಿದರು, ಮೂಗಿನ ಮೇಲೆ ಶಲ್ಯದ ಅಂಚು ಇಟ್ಟುಕೊಂಡರು.

“ಬರಕೋ ಸೋಮಶೇಖರ. ಲೀಗಿನ ರೊಕ್ಕ ಯಾರಿಗೂ ಹಂಚೂಕಿಂತ ಮುಂಚೆ ಹತ್ತರಾಗ ಒಂದು ಪಾಲು ಉಳದ ಆಟಗಳಿಗೆ. ಫೀಸು ಮೊದಲಿನಂಗ ಎಲ್ಲಾದಕ್ಕೂ. ಈ ಹನ್ನೊಂದು ಸಾವಿರ ಇವತ್ತ ಕೊಟ್ಟುಬಿಡು.” ನಂತರ ಪಕ್ಕೀರಮ್ಮನ ಕಡೆ ನೋಡಿ, “ಇನ್ನರ ಇದನ್ನ ಎತ್ತವ್ವಾ,” ಎಂದರು.

“ಎತ್ತತೀನ್ರಿ. ಒಗಿಯಂಗಿಲ್ಲ.”

“ಮತ್ತ ಯಾರು ಒಗೀಬೇಕು?”

“ಹಾಕ್ಕೊಂಡೋರು ಒಗೀಲಿ. ಪಾಲು ಸಿಕ್ಕೈತಲ್ಲ, ಸೋಪು ತರಾಕ ರೊಕ್ಕ ಐತಿ.”

ಅಂದು ಸಂಜೆ ಮೈದಾನದ ನಲ್ಲಿಯ ಹತ್ತಿರ ಹನ್ನೆರಡು ಕಬಡ್ಡಿ ಆಟಗಾರರು ಬಕೆಟ್ ಹಿಡಿದು ಕುಳಿತಿದ್ದರು. ಎದುರಾಳಿಯ ತೊಡೆ ಹಿಡಿದರೆ ಬಿಡದ ಕೈಗಳಿಗೆ ಒದ್ದೆ ಚಡ್ಡಿ ಹಿಂಡಲು ಬರುತ್ತಿರಲಿಲ್ಲ. ಕೆಂಪು ಪಟ್ಟಿಯ ಜರ್ಸಿಯನ್ನೂ ಬಿಳಿ ಜರ್ಸಿಯನ್ನೂ ಒಂದೇ ಬಕೆಟಿನಲ್ಲಿ ನೆನೆಸಿದ್ದರಿಂದ ಸೆಮಿಫೈನಲ್ಲಿಗೆ ತಂಡ ತಿಳಿ ಗುಲಾಬಿ ಬಣ್ಣದಲ್ಲಿ ಇಳಿಯಬೇಕಾಯಿತು. ಆ ಪಂದ್ಯ ಅವರೇ ಗೆದ್ದರು. ಬಣ್ಣದಿಂದ ಆಟಕ್ಕೆ ಏನೂ ಆಗಲಿಲ್ಲ.

ಮೀಟಿಂಗಿನ ಮರುದಿನ, ಶುಕ್ರವಾರ ನಾಲ್ಕಕ್ಕೆ ಕಚೇರಿಯ ಗುಮಾಸ್ತೆ ವಾಣಿಶ್ರೀ ಕಂಪ್ಯೂಟರಿನಲ್ಲಿ ತಂಡದ ಹೆಸರುಗಳನ್ನು ತುಂಬುತ್ತಿದ್ದಳು. ಹನ್ನೆರಡು ಹೆಸರು ಮುಗಿದ ಮೇಲೆ ಒಂದು ಖಾನೆ ಉಳಿಯಿತು: ತಂಡದ ವ್ಯವಸ್ಥಾಪಕರು. ಮಹಿಳಾ ತಂಡದ ಜೊತೆ ಮಹಿಳೆಯೇ ಹೋಗಬೇಕೆಂಬ ನಿಯಮ. ಹಿಂದೆಲ್ಲ ಯಾವುದೋ ಉಪನ್ಯಾಸಕಿಯ ಹೆಸರು ಬರೆದು, ಹೋಗುವಾಗ ಪಕ್ಕೀರಮ್ಮನನ್ನು ‘ಸಾಮಾನು ಹೊರಾಕ’ ಎಂದು ಕಳಿಸುತ್ತಿದ್ದರು.

“ಯಾರ ಹೆಸರು ಹಾಕ್ಲಿ ಸರ್?” ಎಂದಳು ವಾಣಿಶ್ರೀ.

ಸೋಮಶೇಖರ್ ಸರ್ ಬಾಗಿಲಿನಲ್ಲಿ ನಿಂತಿದ್ದ ಪಕ್ಕೀರಮ್ಮನ ಕಡೆ ನೋಡಿದರು. “ಆಧಾರ್ ಕಾರ್ಡ್ ತಂದೀಯೇನು?”

“ಬಸ್ಸಿಗೆ ಬೇಕಲ್ಲರೀ, ಯಾವಾಗ್ಲೂ ಇರ್ತೈತಿ,” ಎಂದು ಅವಳು ಸೊಂಟದ ಚೀಲದಿಂದ ತೆಗೆದು ಕೊಟ್ಟಳು.

ಮನೆಗೆ ಹೋಗಿ ಗಂಡನಿಗೆ ಹೇಳಿದಳು. “ಬರೂ ಮಂಗಳವಾರ ಬಳ್ಳಾರಿಗೆ ಹೊಂಟೀನಿ. ಎರಡು ದಿನ.”

“ಊಟ?” ಎಂದ ಕೊಟ್ರಪ್ಪ.

“ಅಲ್ಲಿ ಕೊಡ್ತಾರ.”

“ನಿಂದಲ್ಲ, ನಂದು.”

“ಮೂವತ್ತು ಚೀಲ ಮಂಡಕ್ಕಿ ಹುರೀತೀ. ಒಂದು ಹಿಡಿ ಅಕ್ಕಿ ಕುದಸಾಕ ಬರಂಗಿಲ್ಲೇನು? ನೀರು ಜಾಸ್ತಿ ಹಾಕು, ಅಷ್ಟ ವ್ಯತ್ಯಾ‍ಸ.”

ಕೊಟ್ರಪ್ಪ ತಲೆ ಕೆರೆದುಕೊಂಡು, “ಎಷ್ಟು ನೀರು?” ಎಂದ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಕೇಳಿದ ಮೊದಲ ಉಪಯೋಗದ ಪ್ರಶ್ನೆ ಅದು. ಅವಳು ಬೆರಳಿನ ಗೆಣ್ಣು ತೋರಿಸಿ ಅಳತೆ ಹೇಳಿಕೊಟ್ಟಳು.

ಮಂಗಳವಾರ ನಸುಕಿನ ಬಸ್ಸಿನಲ್ಲಿ ಹದಿಮೂರು ಶೂನ್ಯ ಟಿಕೆಟ್ ಹರಿದು ಕೊಟ್ಟ ಕಂಡಕ್ಟರ್, “ಎಲ್ಲಿಗವ್ವಾ ಇಷ್ಟು ಮಂದಿ, ಮದಿವಿಗಾ?” ಎಂದು ಕೇಳಿದ. “ಮದಿವಿಗೆ ಬೂಟು ಹಾಕ್ಕೊಂಡು ಹೊಕ್ಕಾರೇನಣ್ಣಾ?” ಎಂದಳು ಸಿಮ್ರಾನ. ಕೂಡ್ಲಿಗಿ ದಾಟುವವರೆಗೂ ಬಸ್ಸಿನಲ್ಲಿ ಅವರದೇ ಗದ್ದಲ.

ಬಳ್ಳಾರಿಯ ಮೈದಾನದಲ್ಲಿ ಮೊದಲ ಪಂದ್ಯಕ್ಕೆ ಮುಂಚೆ, ಎದುರು ತಂಡದ ಜೊತೆ ಬಂದಿದ್ದ, ಟ್ರ್ಯಾಕ್ ಸೂಟ್ ಹಾಕಿದ ಮೇಡಂ ಒಬ್ಬರು ಪಕ್ಕೀರಮ್ಮನ ಕೊರಳಿನಲ್ಲಿದ್ದ ಗುರುತಿನ ಚೀಟಿ ನೋಡಿ ಹತ್ತಿರ ಬಂದರು.

“ನೀವು ಕೊಟ್ಟೂರು ಕಾಲೇಜಿನ ಪಿ.ಡಿ. ಏನ್ರಿ?”

“ಅಲ್ರೀ ಮೇಡಂ. ನಾ ಕೊಟ್ಟೂರು ತಂಡದಾಕಿ,” ಎಂದಳು ಪಕ್ಕೀರಮ್ಮ.

ಇನ್ನೂ ಏನೋ ಕೇಳುವುದರಲ್ಲಿದ್ದರು ಅವರು. ಆದರೆ ಅಂಪೈರ್ ಶಿಳ್ಳೆ ಊದಿದ್ದರು, ಮೊದಲ ವರ್ಷದ ಹುಡುಗಿಯೊಬ್ಬಳು ಚೌಕದಲ್ಲಿ ತಪ್ಪು ದಿಕ್ಕಿಗೆ ಮುಖ ಮಾಡಿ ಕುಳಿತಿದ್ದಳು. ಪಕ್ಕೀರಮ್ಮ ಚಪ್ಪಲಿ ಅಲ್ಲೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಅವಳ ಹೆಸರು ಕೂಗುತ್ತಾ ಗೆರೆಯ ಅಂಚಿಗೆ ಓಡಿದಳು.